ಎದುರು ಗಾಳಿಗೆ ಭಾರದ ಮೈ: ಬೀದರ್, ಭಾಲ್ಕಿ, ಔರಾದ್ ದಾರಿಯ ಸೈಕಲ್ ಲೆಕ್ಕ

ಊರಲ್ಲಿ ಸೈಕಲ್ ತುಳಿದು ಬೆಳೆದ ನಮಗೆ ಏರು ಎಂದರೆ ಏನೆಂದು ಗೊತ್ತಿತ್ತು. ಗಾಳಿ ಎಂದರೆ ಏನೆಂದು ಗೊತ್ತಾದದ್ದು ಬೀದರ್‌ಗೆ ಬಂದ ಮೇಲೆಯೇ. ದಕ್ಷಿಣ ಕನ್ನಡದ ರಸ್ತೆ ಹತ್ತುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಎರಡೂ ಬದಿಗೆ ಅಡಿಕೆ ತೋಟ, ತೆಂಗು, ಮನೆ, ಕಂಪೌಂಡ್ ಗೋಡೆ. ಕಡಲ ಬದಿಯ ರಸ್ತೆ ಬಿಟ್ಟರೆ ಗಾಳಿ ಮೈಗೆ ನೇರ ಬಡಿಯುವುದು ಕಡಿಮೆ. ಕ್ಯಾರಿಯರ್‌ಗೆ ಮೀನಿನ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತಾ ಊರೂರು ಸುತ್ತಿದ ನಮ್ಮ ಹಿರಿಯರು ಕಾಲಿನ ಬಲ ಅಳೆದದ್ದು ಏರಿನಲ್ಲಿ. ಏರು ಬಂದರೆ ಇಳಿದು ದೂಡುವುದು, ಇಳಿಜಾರು ಬಂದರೆ ಪೆಡಲ್ ಬಿಟ್ಟು ಕೂರುವುದು. ಅಲ್ಲಿಗೆ ಲೆಕ್ಕ ಸರಿಯಾಗುತ್ತಿತ್ತು.

ಬೀದರ್ ಹಾಗಲ್ಲ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಬಯಲಿನ ಮೇಲೆ ಈ ನಗರ ಕೂತಿದೆ. ಕಾಲಡಿಯ ಕಲ್ಲು ಮಾತ್ರ ನಮ್ಮೂರಿನದೇ, ಅದೇ ಕೆಂಪು ಮುರಕಲ್ಲು. ಮೊದಲ ಸಲ ಬಂದವರಿಗೆ ಅದನ್ನು ಕಂಡೇ ಒಂದಿಷ್ಟು ಸಮಾಧಾನವಾಗುತ್ತದೆ. ಆದರೆ ನಗರ ದಾಟಿ ಭಾಲ್ಕಿ ಕಡೆ, ಔರಾದ್ ಕಡೆ ಹೋದರೆ ಎರೆಭೂಮಿ ಶುರು. ತೊಗರಿ, ಉದ್ದು, ಹೆಸರು, ಸೋಯಾ. ಮೊಣಕಾಲೆತ್ತರದ ಬೆಳೆ, ಆಚೆಗೆ ಆಕಾಶ. ಗಾಳಿಗೆ ಅಡ್ಡ ನಿಲ್ಲುವುದು ಅಲ್ಲೊಂದು ಇಲ್ಲೊಂದು ಕಬ್ಬಿನ ಹೊಲ ಮಾತ್ರ. ಕಬ್ಬಿನ ಪಕ್ಕ ಹೋಗುವಾಗ ಸೈಕಲ್ ಹಗುರ, ಅದು ಮುಗಿದ ಕೂಡಲೇ ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ದೂಡಿದ ಹಾಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ, ಇಲ್ಲವೆ ನೈರುತ್ಯದಿಂದ. ಮಂಗಳೂರಿನಲ್ಲಿ ಮಳೆ ಸುರಿಸಿ ಘಟ್ಟ ಹತ್ತಿದ ಅದೇ ಮುಂಗಾರು ಗಾಳಿ, ಅರ್ಧ ನೀರು ಖಾಲಿ ಮಾಡಿಕೊಂಡು ಇಲ್ಲಿಗೆ ಬರುತ್ತದೆ. ಭಾಲ್ಕಿ ಇರುವುದು ಬೀದರ್‌ನಿಂದ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ, ಸುಮಾರು 40 ಕಿ.ಮೀ. ದೂರದಲ್ಲಿ. ಅಂದರೆ ಮಳೆಗಾಲದಲ್ಲಿ ಬೀದರ್‌ನಿಂದ ಭಾಲ್ಕಿಗೆ ಸೈಕಲ್ ಹತ್ತಿದವರು 40 ಕಿ.ಮೀ. ಉದ್ದಕ್ಕೂ ಗಾಳಿಯ ಬಾಯಿಗೇ ಹೋಗುವುದು.

ಕರಾವಳಿಯಿಂದ ಬಂದು ಇಲ್ಲಿರುವ ನಾವು ಐದು ಮಂದಿ. ಇಬ್ಬರು ಮದ್ರಸದವರು, ಉಳಿದವರು ವ್ಯಾಪಾರದವರು. ಶುಕ್ರವಾರ ಮದ್ರಸಕ್ಕೆ ರಜೆ. ಸುಬಹಿ ನಮಾಝ್ ಮುಗಿಸಿ ಸೈಕಲ್ ಹತ್ತುವುದು, ಜುಮುಅಃಕ್ಕೆ ಮುಂಚೆ ಎಲ್ಲಿಗಾದರೂ ಮುಟ್ಟುವುದು, ಇಷ್ಟೇ ನಮ್ಮ ಸವಾರಿ. ಇದರಲ್ಲಿ ಕ್ರೀಡೆ ಏನಿಲ್ಲ. ನಲ್ವತ್ತು ದಾಟಿದ ಮೇಲೆ ಐವರಲ್ಲಿ ಮೂವರಿಗೆ ಶುಗರ್ ಕಾಣಿಸಿಕೊಂಡಿತು. ದಿನವಿಡೀ ಕೂತು ಮಾಡುವ ಕೆಲಸ, ರಾತ್ರಿ ತಡವಾಗಿ ಊಟ, ವಾರಕ್ಕೆರಡು ಮದುವೆಯ ಬಿರಿಯಾನಿ. ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಇದೆ ಎಂದು ನಾವು ಹೇಳಬೇಕಾಗಿಲ್ಲ, ಓದುವ ನಿಮಗೇ ಗೊತ್ತು.

ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಕರೆಯುವುದು ಇಚ್ಚ ಎಂದೇ. ಅವರ ತೂಕ 95 ಕಿಲೋ. ಬೀದರ್ ಪೇಟೆಯೊಳಗೆ, ಕೋಟೆಯ ಸುತ್ತ, ಅವರು ಎರಡು ತಿಂಗಳು ಚೆನ್ನಾಗಿಯೇ ತುಳಿದರು. ಜುಲೈಯಲ್ಲಿ ಭಾಲ್ಕಿ ರಸ್ತೆಗೆ ಇಳಿದ ದಿನ, ಹಾಲಬರ್ಗಾ ಮುಟ್ಟುವ ಮೊದಲೇ ಸೈಕಲ್ ಸ್ಟ್ಯಾಂಡ್ ಹಾಕಿದರು. "ಇದು ನನ್ನ ಮೈಗೆ ಹೇಳಿದ್ದಲ್ಲ, ನೀವು ಹೋಗಿ" ಎಂದರು. ಟೆಂಪೋದಲ್ಲಿ ವಾಪಸ್. ಆಮೇಲೆ ಮೂರು ವಾರ ಸೈಕಲ್ ಮುಟ್ಟಲಿಲ್ಲ. ಪೇಟೆಯಲ್ಲಿ ಯಾರೋ "ಟಯರ್ ಒಡೆಯಿತಾ?" ಎಂದು ತಮಾಷೆ ಮಾಡಿದ್ದೂ ಸೇರಿತು. ಮೂರು ವಾರದ ನಂತರ ಶುಗರ್ ನೋಡಿಸಿದಾಗ ಅದು ಮತ್ತೆ ಹಳೆಯ ಜಾಗಕ್ಕೇ ಏರಿತ್ತು.

ನಮಗೆ ಈ ವಿಷಯ ಬರೆಯಬೇಕು ಅನ್ನಿಸಿದ್ದು ಅದಕ್ಕೆ. ಇಚ್ಚ ಗಾಳಿಯ ಪಾಲನ್ನೂ ತಮ್ಮ ಮೈಯ ಲೆಕ್ಕಕ್ಕೆ ಬರೆದುಕೊಂಡರು. ಹೀಗೆ ಬರೆದುಕೊಂಡು ಸೈಕಲನ್ನು ಗೋಡೆಗೆ ಒರಗಿಸಿದವರು ನಮ್ಮಲ್ಲಿ ಬಹಳ. ಗಾಳಿಯದ್ದೆಷ್ಟು, ತೂಕದ್ದೆಷ್ಟು ಎಂದು ಬೇರೆ ಬೇರೆ ಮಾಡಿ ನೋಡಿದರೆ ಸಂಗತಿ ಬೇರೆಯೇ ಇದೆ.

ಮೊದಲು ಗಾಳಿ. ಗಾಳಿ ಇಲ್ಲದ ದಿನ ನೀವು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮುಖಕ್ಕೆ ಬಡಿಯುವ ಗಾಳಿಯೂ 15. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬಂದರೆ? ಮುಖಕ್ಕೆ ಬಡಿಯುವುದು 35. ಗಾಳಿಯ ತಡೆ ಈ ಸಂಖ್ಯೆಯ ವರ್ಗದ ಪ್ರಕಾರ ಏರುತ್ತದೆ, ಅಂದರೆ ಅದನ್ನು ಅದರಿಂದಲೇ ಗುಣಿಸಬೇಕು. 15ರ ವರ್ಗ 225. 35ರ ವರ್ಗ 1225. ಗಾಳಿ ಹಿಂದಕ್ಕೆ ದೂಡುವ ಬಲ ಐದು ಪಟ್ಟಿಗೂ ಹೆಚ್ಚಾಯಿತು! ಇದು ಇಚ್ಚನಿಗೆ ಮಾತ್ರ ಅಲ್ಲ, 60 ಕಿಲೋದ ಹುಡುಗನಿಗೂ ಅಷ್ಟೇ ಪಟ್ಟು. ಅವನೂ ಆ ದಿನ ಒದ್ದಾಡಿದ್ದಾನೆ, ಬಾಯಿ ಬಿಟ್ಟು ಹೇಳಿಲ್ಲ ಅಷ್ಟೆ.

ಈಗ ಅದೇ ಗಾಳಿಯಲ್ಲಿ ವೇಗವನ್ನು 15ರಿಂದ 10ಕ್ಕೆ ಇಳಿಸಿ. ಮುಖಕ್ಕೆ ಬಡಿಯುವುದು 30, ಅದರ ವರ್ಗ 900. ಕಾಲು ಪ್ರತಿ ಕ್ಷಣ ಹಾಕಬೇಕಾದ ಶಕ್ತಿ ಎಂದರೆ ಈ ತಡೆಯನ್ನು ನಿಮ್ಮ ವೇಗದಿಂದ ಗುಣಿಸಿದ್ದು. 15ರಲ್ಲಿ ಹೋದರೆ 1225 ಗುಣಿಸು 15, ಅಂದರೆ 18,375. 10ರಲ್ಲಿ ಹೋದರೆ 900 ಗುಣಿಸು 10, ಅಂದರೆ 9,000. ವೇಗ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಗಾಳಿಗೆ ಕೊಡುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬಂತು. ಕಳೆದುಕೊಂಡದ್ದೆಷ್ಟು? ಹತ್ತು ಕಿ.ಮೀ.ಗೆ 40 ನಿಮಿಷದ ಬದಲು ಒಂದು ಗಂಟೆ. 20 ನಿಮಿಷ ಹೆಚ್ಚು ಕೊಟ್ಟು ಅರ್ಧ ಸುಸ್ತು ಉಳಿಸುವುದು. ವ್ಯಾಪಾರದ ರಕ್ತ ಇರುವ ನಮಗೆ ಇದು ಲಾಭವೋ ನಷ್ಟವೋ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ದಾರಿಯ ಚಾ ಹೋಟೆಲಿನ ಅಜ್ಜ ಒಬ್ಬರು ಈ ಗುಣಾಕಾರ ಏನೂ ಮಾಡದೆ ಒಂದೇ ಮಾತಿನಲ್ಲಿ ಹೇಳಿದ್ದರು: "ಹವಾ ಎದುರಿಗೆ ಅದ, ಸಾವಕಾಶ ಹೋಗ್ರಿ." ಇಲ್ಲಿನವರು ತಲೆಮಾರುಗಳಿಂದ ಹಾಗೆಯೇ ಹೋಗುತ್ತಿದ್ದಾರೆ. 2006-07ರಲ್ಲಿ ಸರಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಔರಾದ್ ಕಡೆಯ ಹಳ್ಳಿ ಹುಡುಗಿಯರೂ ಈ ಗಾಳಿಯಲ್ಲೇ ಹೈಸ್ಕೂಲಿಗೆ ಹೋಗಿ ಬಂದವರು. ಗೇರ್ ಇಲ್ಲದ ಸೈಕಲ್, ಬೆನ್ನಿಗೆ ಪುಸ್ತಕದ ಚೀಲ, ಮಾತಾಡುತ್ತಾ ನಿಧಾನ ತುಳಿತ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿರುವುದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಆ ಬಯಲೂ ಇಂಥದ್ದೇ.

ಇನ್ನು ತೂಕ. ಏರಿನಲ್ಲಿ ತೂಕ ನೇರವಾಗಿ ಲೆಕ್ಕಕ್ಕೆ ಬರುತ್ತದೆ. 65 ಕಿಲೋದವರು 22 ಕಿಲೋದ ಸೈಕಲ್ ಮೇಲೆ ಕೂತರೆ ಒಟ್ಟು 87. 95 ಕಿಲೋದವರು ಕೂತರೆ 117. ಮೂರರಲ್ಲಿ ಒಂದು ಪಾಲು ಹೆಚ್ಚು ಭಾರವನ್ನು ಮೇಲಕ್ಕೆ ಎತ್ತಬೇಕು, ಅದಕ್ಕೆ ರಿಯಾಯಿತಿ ಇಲ್ಲ. ಗಾಳಿ ಮಾತ್ರ ತೂಕ ನೋಡುವುದಿಲ್ಲ, ಎದುರಿಗೆ ಎಷ್ಟು ಅಗಲ ಎತ್ತರ ಇದ್ದೀರಿ ಎಂಬುದನ್ನು ನೋಡುತ್ತದೆ. ಮನುಷ್ಯ ದಪ್ಪ ಆಗುವಾಗ ಮುಂದಿನಿಂದ ಕಾಣುವ ಅಗಲ ತೂಕದಷ್ಟು ವೇಗವಾಗಿ ಏರುವುದಿಲ್ಲ. ತೂಕ ಅರ್ಧದಷ್ಟು ಹೆಚ್ಚಾದರೆ ಅಗಲ ಹೆಚ್ಚುವುದು ಸುಮಾರು ಕಾಲುಭಾಗದ ಆಸುಪಾಸು. ಅದರ ಮೇಲೆ, ದಿನಾ 95 ಕಿಲೋ ಹೊತ್ತು ನಡೆಯುವ ಕಾಲಿಗೆ ಬಲ ಸಹಜವಾಗಿಯೇ ಹೆಚ್ಚು. ಹಾಗಾಗಿ ದಪ್ಪ ಇದ್ದವರಿಗೆ ಗಾಳಿ ಏರಿಗಿಂತ ಕಡಿಮೆ ಅನ್ಯಾಯ ಮಾಡುತ್ತದೆ. ಮುಡಿಪು ಗುಡ್ಡೆಯಲ್ಲಿ ಇಚ್ಚ ನಮ್ಮಿಂದ ಎಷ್ಟು ಹಿಂದೆ ಬೀಳುತ್ತಾರೋ ಭಾಲ್ಕಿ ರಸ್ತೆಯಲ್ಲಿ ಅಷ್ಟು ಬೀಳಬೇಕಾಗಿಲ್ಲ. ಇದನ್ನು ಅವರಿಗೆ ಕಾಗದದಲ್ಲಿ ಬರೆದು ತೋರಿಸಿದ ಮೇಲೆಯೇ ಮತ್ತೆ ಸೈಕಲ್ ಹೊರಗೆ ಬಂದದ್ದು.

ಆದರೆ ಗಾಳಿ ಏರಿನ ಹಾಗೆ ಮುಗಿಯುವುದಿಲ್ಲ, ಇದನ್ನೂ ಹೇಳಬೇಕು. ಏರಿಗೆ ಒಂದು ತುದಿ ಇದೆ, ಕಣ್ಣಿಗೆ ಕಾಣುತ್ತದೆ. ಗಾಳಿಗೆ ತುದಿ ಇಲ್ಲ, ಅದು ಕಾಣುವುದೂ ಇಲ್ಲ. ಸಪಾಟು ರಸ್ತೆಯಲ್ಲಿ ಏನೂ ಕಾರಣ ಇಲ್ಲದೆ ಕಾಲು ಸೋಲುತ್ತಿದ್ದರೆ ಮನುಷ್ಯ ತನ್ನನ್ನೇ ಸಂಶಯಪಡುತ್ತಾನೆ. ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದಲ್ಲಾ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅದೂ ಪೂರ್ತಿ ಸರಿಯಲ್ಲ. 40 ಕಿ.ಮೀ. ದೂರವನ್ನು ಗಂಟೆಗೆ 10ರಂತೆ ಹೋದರೆ 4 ಗಂಟೆ, 20ರಂತೆ ಬಂದರೆ 2 ಗಂಟೆ, ಒಟ್ಟು 6 ಗಂಟೆ. ಗಾಳಿ ಇಲ್ಲದ ದಿನ 15ರಂತೆ ಹೋಗಿ ಬಂದಿದ್ದರೆ 5 ಗಂಟೆ 20 ನಿಮಿಷ. ಗಾಳಿ ತೆಗೆದುಕೊಂಡಷ್ಟು ಸಮಯವನ್ನು ಹಿಂದಕ್ಕೆ ಕೊಡುವುದಿಲ್ಲ. ಮೊದಲೇ ಇದು ಗೊತ್ತಿದ್ದರೆ ಕೈಯಲ್ಲಿರುವ ವಾಚ್ ನೋಡಿ ಬೇಸರಪಡುವ ಪ್ರಶ್ನೆ ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲಕ್ಕಿಂತ ಮೊದಲು ಬಟ್ಟೆ. ನಮ್ಮ ಉಸ್ತಾದರ ಉದ್ದ ಜುಬ್ಬಾ, ಹೆಗಲ ಮೇಲಿನ ಶಾಲು ಗಾಳಿಗೆ ಬಿಚ್ಚಿದ ಹಾಯಿ ಇದ್ದ ಹಾಗೆ. ಪಟಪಟ ಬಡಿಯುವ ಬಟ್ಟೆ ಎಷ್ಟು ಶಕ್ತಿ ತಿನ್ನುತ್ತದೆ ಎಂದು ತಿಳಿಯಬೇಕಾದರೆ ಒಂದು ದಿನ ಅದನ್ನು ಬಿಟ್ಟು, ಮೈಗೆ ಹತ್ತಿರ ಕೂರುವ ಪೂರ್ಣ ತೋಳಿನ ಅಂಗಿ ಹಾಕಿ ತುಳಿದು ನೋಡಿ. ಜುಬ್ಬಾವನ್ನು ಮಡಚಿ ಚೀಲದಲ್ಲಿಡಿ, ಭಾಲ್ಕಿಯಲ್ಲಿ ವುಝೂ ಮಾಡಿ ಹಾಕಿಕೊಂಡರಾಯಿತು. ಮನೆಯ ಹೆಂಗಸರು, ಹೆಣ್ಮಕ್ಕಳು ತುಳಿಯುವುದಿದ್ದರೆ ಬುರ್ಖಾ ಚೈನಿಗೆ, ಹಿಂದಿನ ಚಕ್ರಕ್ಕೆ ಸಿಕ್ಕದಂತೆ ಪೂರ್ತಿ ಚೈನ್ ಕವರ್, ಚಕ್ರಕ್ಕೆ ಜಾಲರಿ ಇರುವ ಲೇಡೀಸ್ ಸೈಕಲ್ ಬೇಕೇ ಬೇಕು. ಗಾಳಿಯಲ್ಲಿ ಬಟ್ಟೆ ಎತ್ತ ಹಾರುತ್ತದೆಂದು ಹೇಳಲಿಕ್ಕಾಗದು.

ಬಗ್ಗಿ ತುಳಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೆ ಹೊಟ್ಟೆ ಇರುವುದಿಲ್ಲ! ಹೊಟ್ಟೆ ಇದ್ದವರು ಪೂರ್ತಿ ಬಗ್ಗಿದರೆ ತೊಡೆ ಪ್ರತಿ ಸುತ್ತಿಗೂ ಹೊಟ್ಟೆಗೆ ಬಡಿಯುತ್ತದೆ, ಉಸಿರು ಕಟ್ಟುತ್ತದೆ. ಅಷ್ಟು ಬಗ್ಗಬೇಡಿ. ಮೊಣಕೈ ಸ್ವಲ್ಪ ಮಡಚಿ, ಅದನ್ನು ಹೊರಗೆ ಚಾಚದೆ ಪಕ್ಕೆಗೆ ಹತ್ತಿರ ತನ್ನಿ, ಭುಜ ಕೆಳಗೆ ಬಿಡಿ. ಇಷ್ಟಕ್ಕೇ ಎದುರಿನ ಅಗಲ ಕಡಿಮೆಯಾಗುತ್ತದೆ. ಸೀಟು ತೀರಾ ಕೆಳಗಿದ್ದರೆ ಮೊಣಕಾಲು ಹೆಚ್ಚು ಮೇಲೆ ಬಂದು ಹೊಟ್ಟೆಗೂ ತೊಂದರೆ, ಗಂಟಿಗೂ ನೋವು. ಪೆಡಲ್ ಪೂರ್ತಿ ಕೆಳಗಿರುವಾಗ ಕಾಲು ಹೆಚ್ಚುಕಡಿಮೆ ನೇರ ಆಗುವಷ್ಟು ಸೀಟು ಎತ್ತರಿಸಿ.

ಇಚ್ಚನ ಸೈಕಲ್ ಗೇರ್ ಇಲ್ಲದ ಹಳೆ ಮಾದರಿಯದು. ಇಂಥವರು ಹೊಸ ಸೈಕಲ್ ತರಬೇಕೆಂದಿಲ್ಲ. ಹಿಂದಿನ ಚಕ್ರದ ಫ್ರೀವೀಲ್‌ನಲ್ಲಿ ಸಾಮಾನ್ಯವಾಗಿ 18 ಹಲ್ಲು ಇರುತ್ತದೆ. ಅದನ್ನು ತೆಗೆದು 20 ಅಥವಾ 22 ಹಲ್ಲಿನದು ಹಾಕಿಸಿದರೆ ಪೆಡಲ್ ಹಗುರವಾಗುತ್ತದೆ. ಸೈಕಲ್ ಶಾಪಿನವರು ಚೈನಿನ ಉದ್ದವನ್ನೂ ಸರಿ ಮಾಡಿ ಕೊಡುತ್ತಾರೆ, ಖರ್ಚು ದೊಡ್ಡದಲ್ಲ. ಗೇರ್ ಇದ್ದವರು ನಾಚಿಕೆ ಬಿಟ್ಟು ಹಗುರದ ಗೇರ್ ಹಾಕಬೇಕು. ಭಾರದ ಗೇರ್‌ನಲ್ಲಿ ಗಾಳಿಗೆ ಎದುರಾಗಿ ಒತ್ತಿ ಒತ್ತಿ ತುಳಿದರೆ ಮೊಣಕಾಲಿನ ಮೇಲೆ ಬೀಳುವ ಒತ್ತಡ ಬಹಳ, ತೂಕ ಇದ್ದವರಿಗೆ ಮೊದಲು ಕೈಕೊಡುವುದೂ ಅದೇ ಮೊಣಕಾಲು. ಟಯರಿಗೆ ಗಾಳಿ ಗಟ್ಟಿ ಇರಲಿ. ತೂಕ ಹೆಚ್ಚಿದ್ದಷ್ಟೂ ಗಾಳಿ ಹೆಚ್ಚು ಬೇಕು, ಟಯರಿನ ಬದಿಯಲ್ಲಿ ಬರೆದ ಮಿತಿ ಮೀರದಷ್ಟು. ಹಿಂದಿನ ಚಕ್ರದ ಕಡ್ಡಿಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಿಸಿ.

ಒಬ್ಬರ ಹಿಂದೆ ಒಬ್ಬರು ಹೋಗುವ ವಿಷಯದಲ್ಲಿ ಒಂದು ತಮಾಷೆ ಇದೆ. ಮುಂದೆ ಹೋಗುವವರು ಗಾಳಿ ಸೀಳಿದರೆ ಹಿಂದೆ ಇರುವವರಿಗೆ ಗಾಳಿಯ ತಡೆಯಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಪಾಲು ಕಡಿಮೆಯಾಗುವುದುಂಟು. ರೇಸಿನವರು ಗುಂಪಾಗಿ ಹೋಗುವುದು, ದೂರ ಹಾರುವ ಹಕ್ಕಿಗಳು ಸಾಲು ಕಟ್ಟುವುದು ಇಂಥ ಲಾಭಕ್ಕೇ. ಈಗ ಹೇಳಿ, ಎಲ್ಲರಿಗಿಂತ ದೊಡ್ಡ ಮರೆ ಯಾರದ್ದು? ಇಚ್ಚನದ್ದೇ. ನಮ್ಮ ಕೂಟದ ತೆಳ್ಳಗಿನ ಹುಡುಗ ಅವರ ಹಿಂದೆ ಹೋದರೆ ಮಸೀದಿಯ ಗೋಡೆ ಮರೆಯಲ್ಲಿ ಹೋದಂತೆ ಆರಾಮ. ಅದೇ ಹುಡುಗ ಮುಂದೆ ಹೋದರೆ ಇಚ್ಚನಿಗೆ ಸಿಗುವ ಮರೆ ಅಷ್ಟಕ್ಕಷ್ಟೇ. ಅದಕ್ಕೆ ನಮ್ಮಲ್ಲಿ ಸರದಿ ಬೇರೆ ಮಾಡಿದ್ದೇವೆ. ಇಚ್ಚ ಮುಂದೆ ಇರುವುದು ಎರಡು ನಿಮಿಷ, ಉಳಿದ ನಾಲ್ವರು ತಲಾ ಐದು ನಿಮಿಷ. ವೇಗ ಮಾತ್ರ ಯಾವಾಗಲೂ ಇಚ್ಚನದ್ದೇ, ಮುಂದೆ ಯಾರೇ ಇರಲಿ. ಮುಂದಿನವರು ಹುಮ್ಮಸ್ಸಿನಲ್ಲಿ ಹತ್ತು ಮಾರು ಮುಂದೆ ಹೋಗಿಬಿಟ್ಟರೆ ಹಿಂದಿನವರಿಗೆ ಮರೆಯೂ ಇಲ್ಲ, ಧೈರ್ಯವೂ ಇಲ್ಲ. ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಬೇಡ, ಸಂಜೆ ಕತ್ತಲಲ್ಲಿ ಬೇಡ. ಲಾರಿಯ ಹಿಂದೆ ಮರೆ ಹುಡುಕುವ ಹುಚ್ಚು ಯಾರಿಗೂ ಬೇಡವೇ ಬೇಡ.

ಹೊತ್ತು ನೋಡಿ ಹೊರಡುವುದು ಇವೆಲ್ಲದಕ್ಕಿಂತ ದೊಡ್ಡ ಉಪಾಯ. ಬಯಲುಸೀಮೆಯಲ್ಲಿ ನೆಲದ ಹತ್ತಿರದ ಗಾಳಿ ಬೆಳಗಿನ ಜಾವಕ್ಕೆ ಅತಿ ಕಡಿಮೆ. ಬಿಸಿಲು ಏರಿ ನೆಲ ಕಾದ ಹಾಗೆ ಮೇಲಿನ ಜೋರು ಗಾಳಿ ಕೆಳಗಿನದರೊಂದಿಗೆ ಕಲೆಯುತ್ತದೆ, ಮಧ್ಯಾಹ್ನ ಅದರ ಅಬ್ಬರ ಹೆಚ್ಚು, ಸೂರ್ಯ ಮುಳುಗಿದ ಮೇಲೆ ಮತ್ತೆ ಇಳಿಯುತ್ತದೆ. ಸುಬಹಿ ಮುಗಿಸಿ ಬೆಳಕು ಹರಿದ ಕೂಡಲೇ ಹೊರಟವರಿಗೂ ಚಾ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟವರಿಗೂ ಬೇರೆ ಬೇರೆ ಭಾಲ್ಕಿ ರಸ್ತೆ ಸಿಗುತ್ತದೆ. ಅರ್ಧ ಗಂಟೆ ನಿದ್ದೆ ಬಿಟ್ಟರೆ ಸಿಗುವ ಲಾಭ ಯಾವ ದುಬಾರಿ ಸೈಕಲಿನಲ್ಲೂ ಸಿಗದು.

ಗಾಳಿಯನ್ನು ಕಾಯುವುದು ನಮಗೆ ಹೊಸದೇನೂ ಅಲ್ಲ. ಮಾನ್ಸೂನ್ ಎಂಬ ಪದ ಬಂದದ್ದೇ ಅರಬಿಯ ಮೌಸಿಂ ಎಂಬುದರಿಂದ, ಅಂದರೆ ಋತು, ಕಾಲ. ಅರಬಿ ಕಡಲಲ್ಲಿ ಹಾಯಿ ಹಡಗಿನ ವ್ಯಾಪಾರಿಗಳು ಗಾಳಿಯ ಜೊತೆ ಜಗಳ ಮಾಡುತ್ತಿರಲಿಲ್ಲ. ಒಂದು ಮೌಸಿಂನಲ್ಲಿ ಬಂದು, ಗಾಳಿ ತಿರುಗುವವರೆಗೆ ಬಂದರಿನಲ್ಲಿ ಕಾದು, ಇನ್ನೊಂದರಲ್ಲಿ ಹಿಂದಿರುಗುತ್ತಿದ್ದರು. ಬೀದರ್‌ನಲ್ಲಿ ಈಗಲೂ ನಿಂತಿರುವ ಮದ್ರಸವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಇರಾನಿನ ಗೀಲಾನ್ ಕಡೆಯಿಂದ ಕಡಲು ದಾಟಿ ದಾಭೋಳ ಬಂದರಿಗೆ ಬಂದ ವ್ಯಾಪಾರಿಯೇ. ಬಹಮನಿ ರಾಜ್ಯದ ವಜೀರನಾದದ್ದು ಆಮೇಲೆ. ಇಂದು ಹವಾಮಾನ ಇಲಾಖೆಯ ಮೊಬೈಲ್ ಆ್ಯಪ್‌ನ ಹೆಸರೂ ಮೌಸಮ್. ಅದರಲ್ಲಿ ಗಾಳಿಯ ದಿಕ್ಕು, ವೇಗ ಹೊರಡುವ ಮೊದಲು ನೋಡಬಹುದು. ನೆನಪಿಡಿ, ಪಶ್ಚಿಮದ ಗಾಳಿ ಎಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವುದಲ್ಲ.

ಮೊಬೈಲ್ ಇಲ್ಲದಿದ್ದರೆ ದರ್ಗಾದ ನಿಶಾನೆ, ಗುಡಿಯ ಬಾವುಟ, ಮರದ ಕೊಂಬೆ ನೋಡಿ. ಹವಾಮಾನದವರ ಬ್ಯೂಫೋರ್ಟ್ ಅಳತೆಯಲ್ಲೂ ಇದೇ ಲೆಕ್ಕ. ರಸ್ತೆಯ ಧೂಳು, ಕಾಗದ ಏಳುತ್ತಿದ್ದು ಸಣ್ಣ ಕೊಂಬೆ ಅಲ್ಲಾಡಿದರೆ ಗಾಳಿ ಗಂಟೆಗೆ 20ರಿಂದ 28 ಕಿ.ಮೀ. ಎಲೆಯಿರುವ ಸಣ್ಣ ಮರ ಪೂರ್ತಿ ತೂಗಿದರೆ 29ರಿಂದ 38. ದೊಡ್ಡ ಕೊಂಬೆ ಅಲ್ಲಾಡಿ, ಕೊಡೆ ಹಿಡಿಯಲು ಕಷ್ಟವಾದರೆ 39ಕ್ಕೆ ಮೇಲೆ. ಕೊಡೆ ನಿಲ್ಲದ ದಿನ ನಾವು ಸೈಕಲ್ ತೆಗೆಯುವುದಿಲ್ಲ. ಎದುರಿನಿಂದ ಬಂದರೆ ಸುಸ್ತು ಮಾತ್ರ, ಬದಿಯಿಂದ ಬಂದರೆ ಅಪಾಯ. ಔರಾದ್ ರಸ್ತೆಯಲ್ಲಿ ಈ ಬದಿಗಾಳಿಯದ್ದೇ ಭಯ.

ಔರಾದ್ ಇರುವುದು ಬೀದರ್‌ನ ಉತ್ತರಕ್ಕೆ, ಅದೂ ಸುಮಾರು 40 ಕಿ.ಮೀ. ಜನವಾಡ ದಾಟಿ, ಮಾಂಜ್ರಾ ನದಿಯ ಸೇತುವೆ ದಾಟಿ, ಸಂತಪುರದ ಮೇಲೆ ಹೋಗಬೇಕು. ಪಶ್ಚಿಮದ ಗಾಳಿ ಇಲ್ಲಿ ಎಡಭುಜಕ್ಕೆ ಬಡಿಯುತ್ತದೆ. ನಮ್ಮ ಎಡಬದಿ ರಸ್ತೆಯ ಅಂಚು, ಬಲಬದಿ ವಾಹನ. ಅಂದರೆ ಗಾಳಿ ದೂಡುವುದು ರಸ್ತೆಯ ನಡುವಿಗೆ. ಎದುರಿನಿಂದ ಲಾರಿ ಬಂದು ದಾಟುವಾಗ ಒಂದು ಹೊಡೆತ, ದಾಟಿ ಹೋದ ಮೇಲೆ ಇನ್ನೊಂದು ಎಳೆತ. ಇಲ್ಲಿ ಮಾತ್ರ ತೂಕ ಒಂದು ಉಪಕಾರ, ಹಗುರದ ಸವಾರ ಅಲುಗಿದಷ್ಟು ಭಾರದವರು ಅಲುಗುವುದಿಲ್ಲ. ಸಂತಪುರದ ಈಚೆ ಹುಡುಗನ ಸೈಕಲ್ ಒಂದು ಮೊಳ ಸರಿದಾಗ ಇಚ್ಚ ನೆಟ್ಟಗೆ ಹೋಗುತ್ತಿದ್ದದ್ದನ್ನು ನಾವು ಹಿಂದಿನಿಂದ ನೋಡಿದ್ದೇವೆ. ಸೇತುವೆಯ ಮೇಲೆ ಮರೆ ಏನೂ ಇರುವುದಿಲ್ಲ. ಹ್ಯಾಂಡಲ್ ಬಿಗಿಯಾಗಿ, ಆದರೆ ಮೊಣಕೈ ಸಡಿಲವಾಗಿ ಹಿಡಿಯಿರಿ, ಸಂಶಯ ಬಂದರೆ ಇಳಿದು ನಡೆಯಿರಿ.

ಭೂಪಟ ತೆರೆದು ನೋಡಿದರೆ ಈ ಮೂರು ಊರು ಒಂದು ತ್ರಿಕೋನ. ಮಳೆಗಾಲದಲ್ಲಿ ಬೀದರ್‌ನಿಂದ ಭಾಲ್ಕಿಗೆ ಎದುರು ಗಾಳಿ. ಭಾಲ್ಕಿಯಿಂದ ಔರಾದ್ ಈಶಾನ್ಯಕ್ಕೆ, ನೈರುತ್ಯದ ಗಾಳಿ ಬೆನ್ನಿಗೆ ಕೈಕೊಟ್ಟು ದೂಡುತ್ತದೆ. ಔರಾದ್‌ನಿಂದ ಬೀದರ್‌ಗೆ ಬದಿಗಾಳಿ, ಕೊನೆಗೆ ಕೋಟೆ ಇರುವ ಬಯಲಿನ ಅಂಚಿಗೆ ಹತ್ತುವ ಏರು. ನಾವು ಇದನ್ನು ಒಂದೇ ದಿನ ಸುತ್ತಿಲ್ಲ, ಬೇರೆ ಬೇರೆ ಶುಕ್ರವಾರ ಒಂದೊಂದು ಬದಿ. ಎದುರು ಗಾಳಿಯ ಬದಿಯನ್ನು ಮೈ ಹೊಸತಿರುವಾಗ ಮೊದಲು ಮುಗಿಸುವುದು, ಬೆನ್ನಗಾಳಿಯನ್ನು ವಾಪಸಿಗೆ ಉಳಿಸುವುದು ನಮ್ಮ ಕ್ರಮ. ಅಷ್ಟೂ ಆಗದವರು ಸೈಕಲನ್ನು ಟೆಂಪೋದಲ್ಲಿ ಭಾಲ್ಕಿಗೆ ಹಾಕಿ, ಅಲ್ಲಿಂದ ಬೀದರ್‌ಗೆ ಗಾಳಿಯ ಜೊತೆ ತುಳಿದು ಬರಲಿ. ಇದರಲ್ಲಿ ಕಳ್ಳತನ ಏನಿಲ್ಲ, ನಲ್ವತ್ತು ಕಿ.ಮೀ. ತುಳಿದದ್ದು ತುಳಿದದ್ದೇ.

ನೀರಿನ ವಿಷಯದಲ್ಲಿ ಕರಾವಳಿಯವರು ಇಲ್ಲಿ ಮೋಸ ಹೋಗುತ್ತಾರೆ. ಮಂಗಳೂರಿನಲ್ಲಿ ಬೆವರು ಇಳಿದು ಅಂಗಿ ಒದ್ದೆಯಾಗುತ್ತದೆ, ಬಾಯಾರಿಕೆ ನೆನಪಾಗುತ್ತದೆ. ಇಲ್ಲಿ ಒಣಗಾಳಿ ಬೆವರನ್ನು ಅಲ್ಲಲ್ಲೇ ಕುಡಿದುಬಿಡುತ್ತದೆ. ಬೆವರಿಲ್ಲ ಎಂದುಕೊಳ್ಳುತ್ತೀರಿ, ಮನೆಗೆ ಬಂದು ನೋಡಿದರೆ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ. ದಾಹಕ್ಕೆ ಕಾಯದೆ ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಯಿರಿ. ಏಪ್ರಿಲ್, ಮೇಯ ಬಿಸಿಗಾಳಿಯಲ್ಲಿ ಹತ್ತು ಗಂಟೆ ಮೇಲೆ ರಸ್ತೆಯಲ್ಲಿ ಇರಬೇಡಿ. ರಮಝಾನ್‌ನಲ್ಲಿ ನಾವು ದೂರದ ಸವಾರಿ ಇಟ್ಟುಕೊಳ್ಳುವುದೇ ಇಲ್ಲ.

ಶುಗರ್‌ಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ತುಳಿಯುತ್ತಿರುವಾಗ ಶುಗರ್ ಏಕಾಏಕಿ ಇಳಿಯಬಹುದು. ಕೈ ನಡುಗಿ, ತಣ್ಣನೆ ಬೆವರು ಬಂದು, ತಲೆ ಹಗುರ ಎನಿಸಿದರೆ ಅದು ಗಾಳಿಯ ಸುಸ್ತಲ್ಲ. ಕೂಡಲೇ ನಿಂತು ಸಕ್ಕರೆ, ಗ್ಲೂಕೋಸ್, ಅದಿಲ್ಲದಿದ್ದರೆ ಖರ್ಜೂರ ತಿನ್ನಬೇಕು. ಜೇಬಿನಲ್ಲಿ ಅದು ಸದಾ ಇರಲಿ. ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಹೃದಯ, ಬಿಪಿ ನೋಡಿಸಿ. ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಿದರೆ ಮುಂದಿನ ಊರು ನೋಡದೆ ಸಿಕ್ಕಿದ ವಾಹನ ಹತ್ತಿ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ. ಮಧ್ಯಮ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮ ಅಳತೆ ಸ್ವಲಾತ್. ಒಂದು ಸ್ವಲಾತನ್ನು ನಡುವೆ ಉಸಿರು ಎಳೆಯದೆ ಮುಗಿಸಲು ಆಗುತ್ತದೆ ಎಂದಾದರೆ ವೇಗ ಸರಿ ಇದೆ, ಆಗದಿದ್ದರೆ ಇಳಿಸಬೇಕು. ಗಮನಿಸಿ, ಈ 150 ನಿಮಿಷದ ಲೆಕ್ಕದಲ್ಲಿ ಎಷ್ಟು ಕಿ.ಮೀ. ಹೋದಿರಿ ಎಂಬ ಪ್ರಶ್ನೆಯೇ ಇಲ್ಲ. ಗಾಳಿಗೆ ಎದುರಾಗಿ ಒಂದು ಗಂಟೆಯಲ್ಲಿ ಎಂಟೇ ಕಿ.ಮೀ. ಹೋದರೂ ಅದು ಒಂದು ಗಂಟೆಯ ವ್ಯಾಯಾಮವೇ.

ಇಚ್ಚ ಆಗಸ್ಟ್ ಕೊನೆಯ ಶುಕ್ರವಾರ ಭಾಲ್ಕಿಗೆ ಮುಟ್ಟಿದರು. ಬೆಳಿಗ್ಗೆ ಆರಕ್ಕೆ ಹೊರಟು, ಮೂರು ಕಡೆ ಕೂತು, ಮುಟ್ಟುವಾಗ ಹತ್ತೂಮುಕ್ಕಾಲು. ಕೊನೆಯ ಎರಡು ಕಿ.ಮೀ. ದೂಡಿಕೊಂಡೇ ನಡೆದರು, ನಾವೂ ಇಳಿದು ನಡೆದೆವು. ಜುಮುಅಃ ಮುಗಿಸಿ, ಜೋಳದ ರೊಟ್ಟಿ ತಿಂದು, ಒಂದು ನಿದ್ದೆ ಮಾಡಿ, ಅಸರ್ ನಂತರ ಹೊರಟೆವು. ಗಾಳಿ ಈಗ ಬೆನ್ನಿಗೆ. ಅವರ ಅಗಲ ಬೆನ್ನಿಗೆ ಅದು ನಮಗಿಂತ ಹೆಚ್ಚು ಹಿಡಿಯಿತು, ಮುಂದೆ ಹೋಗಿಯೇ ಬಿಟ್ಟರು. ಹಾಲಬರ್ಗಾದ ಹತ್ತಿರ ಚಾ ಹೇಳಿ ನಮಗಾಗಿ ಕಾಯುತ್ತಿದ್ದರು.

ನವೆಂಬರ್ ನಂತರ ಇಲ್ಲಿ ಗಾಳಿ ತಿರುಗುತ್ತದೆ, ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆಗ ಭಾಲ್ಕಿಗೆ ಹೋಗುವುದು ಸುಲಭ, ವಾಪಸು ಬರುವುದೇ ಕಷ್ಟ. ಇಚ್ಚ ಈಗಲೇ ಫ್ರೀವೀಲ್ 22 ಹಲ್ಲಿನದು ಹಾಕಿಸಿ ಇಟ್ಟಿದ್ದಾರೆ.